ಬೀಗದ ಕೈ ಯಾರ ಜೇಬಿನಲ್ಲಿದೆ?



ದತ್ತಿ ಉಪನ್ಯಾಸವೆಂದರೆ ವಚನ, ದಾಸರ ಪದ, ಇಲ್ಲವೇ ಏಕೀಕರಣ ಎಂದುಕೊಂಡು ಬಂದವರಿಗೆ ಇಂದು ಸ್ವಲ್ಪ ನಿರಾಸೆಯಾಗಬಹುದು. ಫಿಟ್ಟರ್ ಕೆಲಸ ಮಾಡಿದವರೊಬ್ಬರ ಹೆಸರಿನ ದತ್ತಿ ಇದು. ಯಂತ್ರ ರಿಪೇರಿ ಮಾಡುವವರ ಕೈಗಳ ಬಗ್ಗೆ ಮಾತಾಡಿ ಎಂದು ಅವರ ಮಕ್ಕಳು ಕೇಳಿದರು. ಬದುಕಿನ ಬಹುಭಾಗವನ್ನು ಮೇಂಟೆನೆನ್ಸ್ ವಿಭಾಗದಲ್ಲೇ ಕಳೆದವನು ನಾನು. ಬೇರೆ ವಿಷಯ ಕೊಟ್ಟಿದ್ದರೆ ಮಾತಾಡಲು ಬರುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಯಾರದಾದರೂ ಬೆರಳು ಹೋದರೆ ಮೊದಲು ಕೇಳಿಬರುವ ಮಾತು, ‘ಎಲ್ಲಿ ನೋಡ್ತಿದ್ದನೋ!’ ಹೇಳುವವರಲ್ಲಿ ಮಾಲೀಕರಿರುತ್ತಾರೆ, ಸೂಪರ್‌ವೈಸರ್ ಇರುತ್ತಾರೆ, ಜೊತೆಯ ಕೆಲಸಗಾರರೂ ಇರುತ್ತಾರೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿರುವವನೂ ಕೊನೆಗೆ ಅದನ್ನೇ ಹೇಳುತ್ತಾನೆ. ಇಂದಿನ ನನ್ನ ತಕರಾರು ಈ ಮಾತಿನ ಮೇಲೆ. ರಿಪೇರಿಯ ಹೊತ್ತಿನಲ್ಲಿ ಹೋದ ಕೈಗಳ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಹೊತ್ತಿಗೆ ಸ್ವಿಚ್ಚಿನ ಬೀಗದ ಕೈ ಯಾರ ಜೇಬಿನಲ್ಲಿತ್ತು?

ಯಂತ್ರಕ್ಕೆ ಬೇಲಿ ಹಾಕಬೇಕೆಂದು ಕಾನೂನು ಹೇಳುತ್ತದೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಅದಕ್ಕೇ ಮೀಸಲಾಗಿತ್ತು. ಬೆಲ್ಟು, ಪುಲ್ಲಿ, ಗೇರು, ಫ್ಲೈವೀಲು, ಹೀಗೆ ತಿರುಗುವುದಕ್ಕೆಲ್ಲ ಮುಚ್ಚಳ ಬೇಕು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಒಂದು ಸುಮಾರಾದ ಕಾರ್ಖಾನೆಗೆ ಹೋದರೂ ಹಳದಿ ಬಣ್ಣದ ಜಾಲರಿ ಕಾಣುತ್ತದೆ. ಆದರೆ ಆ ಜಾಲರಿ ಕಾಯುವುದು ಆಪರೇಟರನ್ನು. ಫಿಟ್ಟರ್ ಬಂದು ಮೊದಲು ಮಾಡುವ ಕೆಲಸವೇ ಅದರ ಬೋಲ್ಟು ಬಿಚ್ಚಿ ಗೋಡೆಗೆ ಒರಗಿಸಿಡುವುದು. ಬಿಚ್ಚದೆ ಬೇರಿಂಗ್ ಬದಲಿಸಲಾಗುವುದಿಲ್ಲ, ಚೈನು ಬಿಗಿ ಮಾಡಲಾಗುವುದಿಲ್ಲ. ಯಂತ್ರ ತಯಾರಿಸಿದವರು ರಕ್ಷಣೆಗೆಂದು ಏನೇನು ಯೋಚಿಸಿದ್ದರೋ ಅದೆಲ್ಲ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಗೆ ಕೈಗೂ ಯಂತ್ರಕ್ಕೂ ನಡುವೆ ಇರುವುದು ‘ಯಾರೂ ಚಾಲೂ ಮಾಡುವುದಿಲ್ಲ’ ಎಂಬ ಭರವಸೆ ಮಾತ್ರ.

ಚಾಲೂ ಆದರೆ ಎಷ್ಟು ಹೊತ್ತು ಸಿಗುತ್ತದೆ? ಲೆಕ್ಕ ಹಾಕೋಣ. ರಸ್ತೆ ಬದಿಯ ಕಬ್ಬಿನ ಹಾಲಿನ ಯಂತ್ರವನ್ನು ಎಲ್ಲರೂ ನೋಡಿದ್ದೀರಿ. ಎರಡು ರೋಲರುಗಳು ಎದುರುಬದುರಾಗಿ ತಿರುಗುತ್ತವೆ, ನಡುವಿನ ಸಂದು ಕಬ್ಬನ್ನು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಥ ಸಂದು ರಬ್ಬರ್ ಕಾರ್ಖಾನೆಯಲ್ಲಿದೆ, ಕಾಗದದ ಕಾರ್ಖಾನೆಯಲ್ಲಿದೆ, ಆಫ್‌ಸೆಟ್ ಮುದ್ರಣಯಂತ್ರದಲ್ಲಿದೆ, ಕನ್ವೇಯರ್ ಬೆಲ್ಟಿನ ತುದಿಯಲ್ಲಿದೆ. ನೂರು ಮಿಲಿಮೀಟರ್ ವ್ಯಾಸದ ರೋಲರ್ ನಿಮಿಷಕ್ಕೆ ಅರವತ್ತು ಸುತ್ತು ಹೊಡೆದರೆ ಅದರ ಮೈ ಸೆಕೆಂಡಿಗೆ 31 ಸೆಂಟಿಮೀಟರ್ ಓಡುತ್ತದೆ. ನೋಡುವ ಕಣ್ಣಿಗೆ ಇದು ನಿಧಾನ. ಆದರೆ ಬೆರಳಿಗೆ ಸೆಳೆತ ಗೊತ್ತಾಗಿ ಮನುಷ್ಯ ಕೈ ಹಿಂದೆಗೆಯಲು ತೊಡಗುವುದಕ್ಕೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಆರು ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬೆರಳು, ಒಳಗೆ ಹೋಗಿರುತ್ತದೆ. ಆಮೇಲೆ ಎಳೆದರೂ ಬರುವುದಿಲ್ಲ. ಮುಕ್ಕಾಲು ಸೆಕೆಂಡು ತುಂಬುವ ಮೊದಲು ಸಂದು ಮಣಿಕಟ್ಟನ್ನು ಮುಟ್ಟಿರುತ್ತದೆ.

ಕೈ ಎಷ್ಟು ವೇಗವಾಗಿ ಅಪಾಯದ ಕಡೆಗೆ ಹೋಗಬಲ್ಲದು ಎಂಬುದಕ್ಕೂ ಒಂದು ಅಂಕಿಯಿದೆ. ಪವರ್ ಪ್ರೆಸ್ಸಿನ ಮುಂದೆ, ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಪರದೆ ಕೂರಿಸುವ ಎಂಜಿನಿಯರುಗಳು ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುತ್ತಾರೆ. ಪ್ರೆಸ್ಸು ನಿಲ್ಲಲು ಕಾಲು ಸೆಕೆಂಡು ತೆಗೆದುಕೊಂಡರೆ ಪರದೆ ಡೈಯಿಂದ ಕನಿಷ್ಠ ನಲವತ್ತು ಸೆಂಟಿಮೀಟರ್ ಹಿಂದಿರಬೇಕು. ಇಲ್ಲದಿದ್ದರೆ ಕೈ ಪರದೆಯನ್ನೂ ದಾಟಿ, ಯಂತ್ರ ನಿಲ್ಲುವ ಮೊದಲೇ ಡೈ ಮುಟ್ಟುತ್ತದೆ. ಇಷ್ಟು ಸೂಕ್ಷ್ಮವಾಗಿ ಆಪರೇಟರನ ಕೈಯನ್ನು ಲೆಕ್ಕ ಹಾಕಿದವರು, ಅದೇ ಡೈ ಬದಲಿಸಲು ಎರಡೂ ಕೈಯನ್ನು ಒಳಗಿಟ್ಟು ಬೋಲ್ಟು ಬಿಗಿಯುವವನ ಬಗ್ಗೆ ಏನು ಮಾಡಿದ್ದಾರೆ ಎಂದು ನೋಡಿದರೆ, ಎಷ್ಟೋ ಕಡೆ ಒಂದು ಬೋರ್ಡು ಬರೆಸಿರುತ್ತಾರೆ.

ಹಾಗಾದರೆ ಯಂತ್ರ ನಿಲ್ಲಿಸಿಯೇ ಕೆಲಸ ಮಾಡುತ್ತಾರಲ್ಲ ಎನ್ನುತ್ತೀರಿ. ನಿಲ್ಲಿಸುತ್ತಾರೆ. ಈ ನಿಂತ ಯಂತ್ರದ ಬಗ್ಗೆಯೇ ಇಂದು ಹೆಚ್ಚು ಹೇಳಬೇಕಾಗಿರುವುದು.

ಮೆಕ್ಯಾನಿಕಲ್ ಪ್ರೆಸ್ಸಿನ ಮೋಟಾರು ಆರಿಸಿದ ಮೇಲೂ ಫ್ಲೈವೀಲು ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಭಾರವಾದ ಚಕ್ರ, ಸದ್ದಿಲ್ಲ, ಮುಚ್ಚಳದ ಒಳಗಿರುವುದರಿಂದ ಕಾಣುವುದೂ ಇಲ್ಲ. ಆ ಹೊತ್ತಿಗೆ ಯಾರಾದರೂ ಕಾಲಿನ ಪೆಡಲು ತುಳಿದರೆ, ಇಲ್ಲವೇ ಕ್ಲಚ್ಚಿನ ಸ್ಪ್ರಿಂಗ್ ಮುರಿದರೆ, ಕರೆಂಟಿಲ್ಲದ ಪ್ರೆಸ್ಸು ಪೂರ್ತಿ ಬಲದಿಂದ ಒಂದು ಹೊಡೆತ ಹೊಡೆಯುತ್ತದೆ. ಹೈಡ್ರಾಲಿಕ್ ಪ್ರೆಸ್ಸಿನ ಕತೆ ಬೇರೆ. ಅಲ್ಲಿ ಮೇಲೆತ್ತಿದ ರ‍್ಯಾಮನ್ನು ಹಿಡಿದಿರುವುದು ಎಣ್ಣೆ. ಸೀಲು ಬದಲಿಸಲು ಪೈಪು ಸಡಿಲ ಮಾಡಿದಿರೋ, ರ‍್ಯಾಮು ಇಳಿಯುತ್ತದೆ. ಮರದ ದಿಮ್ಮಿ ಇಡುವುದಲ್ಲ, ಅದಕ್ಕೆಂದೇ ಮಾಡಿದ ಉಕ್ಕಿನ ಆಸರೆ ಕೊಡಬೇಕು. ಗಾಳಿಯ ಸಿಲಿಂಡರಿನಲ್ಲಿ ಕಂಪ್ರೆಸರ್ ಬಂದ್ ಆದ ಮೇಲೂ ಒತ್ತಡ ಉಳಿದಿರುತ್ತದೆ. ನಡುವೆ ಸಿಕ್ಕಿಕೊಂಡ ತುಂಡನ್ನು ತೆಗೆದ ತಕ್ಷಣ ಪಿಸ್ಟನ್ನು ಬಾಕಿ ಉಳಿದ ದಾರಿಯನ್ನು ಒಂದೇ ನೆಗೆತಕ್ಕೆ ಮುಗಿಸುತ್ತದೆ. ತುಂಡು ತೆಗೆದ ಕೈ ಅಲ್ಲೇ ಇರುತ್ತದೆ.

ಹೊಸ ಯಂತ್ರಗಳಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿದೆ. ಪ್ಯಾಕಿಂಗ್ ಲೈನಿನಲ್ಲಿ ಒಂದು ಡಬ್ಬ ಅಡ್ಡ ಬಿದ್ದು ಎಲ್ಲ ನಿಂತಿದೆ ಎನ್ನಿ. ಯಾರೂ ಸ್ವಿಚ್ಚು ಆರಿಸಿಲ್ಲ. ಸೆನ್ಸರಿನ ಮುಂದೆ ಡಬ್ಬ ಅಡ್ಡವಿರುವುದರಿಂದ ಯಂತ್ರ ತಾನೇ ನಿಂತು ಕಾಯುತ್ತಿದೆ. ಡಬ್ಬ ತೆಗೆದಿರಿ, ಸೆನ್ಸರಿಗೆ ದಾರಿ ತೆರವಾಯಿತು, ಯಂತ್ರ ತನ್ನ ಕೆಲಸಕ್ಕೆ ಹೊರಟಿತು. ಇಲ್ಲಿ ಯಾರೂ ಗುಂಡಿ ಒತ್ತಲಿಲ್ಲ. ರಿಪೇರಿಗೆ ಕೈ ಹಾಕಿದವನೇ, ತನಗೆ ಗೊತ್ತಿಲ್ಲದೆ, ಯಂತ್ರವನ್ನು ಚಾಲೂ ಮಾಡಿದ. ಎಮರ್ಜೆನ್ಸಿ ಸ್ಟಾಪ್ ಒತ್ತಿದ್ದರೆ ಸಾಕಿತ್ತಲ್ಲ ಎನ್ನುವವರಿದ್ದಾರೆ. ಸಾಲದು. ಆ ಕೆಂಪು ಗುಂಡಿ ಕಂಟ್ರೋಲ್ ಸರ್ಕ್ಯೂಟಿಗೆ ಆಜ್ಞೆ ಕೊಡುತ್ತದೆಯೇ ಹೊರತು ಎಷ್ಟೋ ಯಂತ್ರಗಳಲ್ಲಿ ಮುಖ್ಯ ಕರೆಂಟನ್ನೇ ಕಡಿಯುವುದಿಲ್ಲ, ಗಾಳಿಯನ್ನೂ ಹೊರಬಿಡುವುದಿಲ್ಲ. ಮೇಲಾಗಿ ಅದನ್ನು ಯಾರು ಬೇಕಾದರೂ ತಿರುಗಿಸಿ ಬಿಡಿಸಬಹುದು.

ಹೈಡ್ರಾಲಿಕ್ ಪೈಪಿನ ಸೋರಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಈ ಗಾಯ ವೈದ್ಯರನ್ನೂ ಮೋಸಗೊಳಿಸಿದೆ. ಪೈಪಿನಲ್ಲಿ ಎಲ್ಲೋ ಸೂಜಿಮೊನೆಯಷ್ಟು ತೂತಾಗಿದೆ. ಎಲ್ಲಿ ಎಂದು ಕಾಣುತ್ತಿಲ್ಲ. ಫಿಟ್ಟರ್ ಬೆರಳಾಡಿಸಿ ಹುಡುಕುತ್ತಾನೆ. ಚರ್ಮ ತೂರಲು ಏಳೆಂಟು ಬಾರ್ ಒತ್ತಡ ಸಾಕು. ಹೈಡ್ರಾಲಿಕ್ ಯಂತ್ರದಲ್ಲಿ ನೂರು, ಇನ್ನೂರು ಬಾರ್ ಮಾಮೂಲು. ಎಣ್ಣೆ ಬೆರಳೊಳಗೆ ಹೊಕ್ಕು ಸ್ನಾಯುರಜ್ಜುವಿನ ಜಾಡು ಹಿಡಿದು ಅಂಗೈವರೆಗೂ ಹೋಗುತ್ತದೆ. ಹೊರಗೆ ನೋಡಿದರೆ ಮುಳ್ಳು ಚುಚ್ಚಿದಷ್ಟೇ ಗುರುತು, ರಕ್ತವೂ ಹೆಚ್ಚಿಲ್ಲ, ಮೊದಲಲ್ಲಿ ನೋವೂ ಅಷ್ಟಾಗಿ ಇರುವುದಿಲ್ಲ. ಪಟ್ಟಿ ಹಾಕಿ, ಟೆಟನಸ್ ಇಂಜೆಕ್ಷನ್ ಕೊಟ್ಟು, ಮನೆಗೆ ಕಳಿಸುತ್ತಾರೆ. ರಾತ್ರಿ ಕೈ ಊದಿಕೊಂಡು ಬೆರಳು ಬಿಳಿಚಿಕೊಂಡಾಗ ತಡವಾಗಿರುತ್ತದೆ. ಗ್ರೀಸ್ ಗನ್ನು, ಡೀಸೆಲ್ ಇಂಜೆಕ್ಟರು, ಬಣ್ಣ ಹೊಡೆಯುವ ಏರ್‌ಲೆಸ್ ಗನ್ನು, ಎಲ್ಲದರಲ್ಲೂ ಇದೇ ಅಪಾಯ. ಬಲಗೈಯಲ್ಲಿ ಉಪಕರಣ ಇರುವುದರಿಂದ ಹೊಡೆತ ತಿನ್ನುವುದು ಹೆಚ್ಚಾಗಿ ಎಡಗೈಯ ತೋರುಬೆರಳು. ಆದ್ದರಿಂದ ಇಲ್ಲಿ ಕೂತಿರುವ ಐಟಿಐ ಮಕ್ಕಳೇ, ಸೋರಿಕೆ ಹುಡುಕಲು ಉದ್ದನೆಯ ರಟ್ಟಿನ ತುಂಡು ಹಿಡಿಯಿರಿ, ಬೆರಳನ್ನಲ್ಲ. ಅಕಸ್ಮಾತ್ ಚುಚ್ಚಿತೋ, ಡಾಕ್ಟರಿಗೆ ‘ಮುಳ್ಳು ಚುಚ್ಚಿತು’ ಎನ್ನಬೇಡಿ. ‘ಇಷ್ಟು ಒತ್ತಡದ ಇಂಥ ಎಣ್ಣೆ ಒಳಗೆ ಹೋಗಿದೆ, ಕೈಯ ಸರ್ಜನ್ನಿಗೆ ತೋರಿಸಬೇಕು’ ಎನ್ನಿ.

ಈಗ ಬೀಗಕ್ಕೆ ಬರೋಣ. ರಿಪೇರಿ ಮಾಡುವವನೇ ಸ್ವಿಚ್ಚಿಗೆ ಬೀಗ ಹಾಕಿಕೊಳ್ಳುವುದು ಅಮೆರಿಕದಿಂದ ಬಂದ ಬುದ್ಧಿ ಎಂದು ಸೇಫ್ಟಿ ಸೆಮಿನಾರುಗಳಲ್ಲಿ ಹೇಳುವುದುಂಟು. ಅಲ್ಲಿ 1989ರಲ್ಲಿ ಲಾಕ್‌ಔಟ್-ಟ್ಯಾಗ್‌ಔಟ್ ನಿಯಮ ಬಂತು, ಮುಂದಿನ ವರ್ಷದಿಂದ ಜಾರಿಯಾಯಿತು. ನಿಯಮ ಚೆನ್ನಾಗಿದೆ, ಅದರ ಬಗ್ಗೆ ಮಾತಿಲ್ಲ. ಆದರೆ ನಮ್ಮ ಹಳೆಯ ವಯರ್‌ಮನ್‌ಗಳು ಏನು ಮಾಡುತ್ತಿದ್ದರು? ಬೋರ್ಡಿನಿಂದ ಫ್ಯೂಸ್ ಕ್ಯಾರಿಯರ್ ಕಿತ್ತು ಷರಟಿನ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಇವರು ವಾಪಸು ಬಂದು ಚುಚ್ಚುವವರೆಗೆ ಆ ಸರ್ಕ್ಯೂಟಿಗೆ ಕರೆಂಟು ಬರುವಂತಿಲ್ಲ. ವಿದ್ಯುತ್ ಕಂಪನಿಯ ಲೈನ್‌ಮನ್‌ಗಳು ಇಂದಿಗೂ ‘ಎಲ್‌ಸಿ ತಗೊಂಡಿದೀನಿ’ ಎನ್ನುತ್ತಾರೆ. ಲೈನ್ ಕ್ಲಿಯರ್ ಪಡೆದವರೇ ಅದನ್ನು ಹಿಂದಿರುಗಿಸುವವರೆಗೆ ಸಬ್‌ಸ್ಟೇಷನ್ನಿನಲ್ಲಿ ಆ ಫೀಡರನ್ನು ಚಾರ್ಜ್ ಮಾಡುವಂತಿಲ್ಲ. ತತ್ವ ಒಂದೇ. ಅಪಾಯದಲ್ಲಿ ಯಾರ ಮೈಯಿದೆಯೋ, ಚಾಲೂ ಮಾಡುವ ಹಕ್ಕು ಅವನ ಕೈಯಲ್ಲೇ ಇರಬೇಕು. ಎಂಸಿಬಿಗಳು ಬಂದು ಕಿತ್ತು ಜೇಬಿಗೆ ಹಾಕಿಕೊಳ್ಳುವ ಫ್ಯೂಸು ಹೋಯಿತು. ಅದರ ಜಾಗಕ್ಕೆ ಬರಬೇಕಾಗಿದ್ದ ಬೀಗ ಮಾತ್ರ ಬರಲಿಲ್ಲ.

ನಮ್ಮ ಕಾನೂನಿನಲ್ಲಿ ಬೀಗ ಇರಲಿಲ್ಲ ಎನ್ನುವಂತಿಲ್ಲ. ಕಾರ್ಖಾನೆ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾದಾಗ 24ನೇ ಕಲಮಿಗೆ ಒಂದು ಉಪಕಲಮು ಸೇರಿತು: ಆಕಸ್ಮಿಕವಾಗಿ ಆಫ್‌ನಿಂದ ಆನ್‌ಗೆ ಸರಿಯಬಹುದಾದ ಸ್ವಿಚ್ಚಿದ್ದರೆ, ಅದನ್ನು ಸುರಕ್ಷಿತ ಸ್ಥಿತಿಯಲ್ಲಿ ಬೀಗ ಹಾಕಿ ಇಡುವ ವ್ಯವಸ್ಥೆ ಇರಬೇಕು. ಅಮೆರಿಕದ ನಿಯಮಕ್ಕಿಂತ ಹದಿಮೂರು ವರ್ಷ ಮೊದಲು. ಆದರೆ ಆ ಬೀಗದ ಕೈ ಯಾರ ಹತ್ತಿರ ಇರಬೇಕು, ಎಷ್ಟು ಜನ ಕೆಲಸ ಮಾಡುತ್ತಿದ್ದರೆ ಎಷ್ಟು ಬೀಗ, ಪಾಳಿ ಬದಲಾದಾಗ ಏನು, ಯಾವುದನ್ನೂ ಅದು ಹೇಳಲಿಲ್ಲ. ಇವೆಲ್ಲವನ್ನೂ ಬಿಡಿಸಿ ಬರೆದದ್ದೇ ಅಮೆರಿಕನ್ನರ ಹೆಚ್ಚುಗಾರಿಕೆ. ನಮ್ಮದು ಒಂದು ವಾಕ್ಯವಾಗಿಯೇ ಉಳಿಯಿತು.

ಅದೇ ಕಾಯ್ದೆಯ 22ನೇ ಕಲಮನ್ನು ಓದಿದರೆ ಹಳೆಯ ಗಿರಣಿಯೇ ಕಣ್ಣ ಮುಂದೆ ಬರುತ್ತದೆ. ಯಂತ್ರ ಓಡುತ್ತಿರುವಾಗಲೇ ಪರೀಕ್ಷಿಸುವುದು, ಎಣ್ಣೆ ಬಿಡುವುದು ಅನಿವಾರ್ಯವಾದರೆ ತರಬೇತಾದ ವಯಸ್ಕ ಗಂಡಸು ಮಾತ್ರ ಮಾಡಬೇಕು, ಅವನ ಹೆಸರು ರಿಜಿಸ್ಟರಿನಲ್ಲಿರಬೇಕು, ಮಾಲೀಕರೇ ಒದಗಿಸಿದ ಬಿಗಿಯುಡುಪು ತೊಟ್ಟಿರಬೇಕು, ಓಡುವ ಪುಲ್ಲಿಯ ಬೆಲ್ಟನ್ನು ಮುಟ್ಟಬೇಕಾದರೆ ಅದು ಹದಿನೈದು ಸೆಂಟಿಮೀಟರಿಗಿಂತ ಅಗಲವಿರಬಾರದು. ಆಗ ಅದಕ್ಕೊಂದು ಕಾರಣವಿತ್ತು. ಒಂದೇ ಎಂಜಿನ್ನು, ಚಾವಣಿಯುದ್ದಕ್ಕೂ ಒಂದೇ ಶಾಫ್ಟು, ಅದರಿಂದ ಇಳಿದ ಹತ್ತಾರು ಬೆಲ್ಟುಗಳು. ಒಂದು ಮಗ್ಗಕ್ಕೆ ಎಣ್ಣೆ ಬಿಡಲು ಇಡೀ ಗಿರಣಿ ನಿಲ್ಲಿಸಲಾಗುತ್ತಿರಲಿಲ್ಲ. ಇವತ್ತು ಪ್ರತಿ ಯಂತ್ರಕ್ಕೂ ಅದರದೇ ಮೋಟಾರು, ಅದರದೇ ಸ್ವಿಚ್ಚು. ಓಡುವಾಗಲೇ ಕೈ ಹಾಕಬೇಕಾದ ಕಾರಣ ಹೋಗಿ ದಶಕಗಳಾದವು. ಅಭ್ಯಾಸ ಮಾತ್ರ ಹೋಗಿಲ್ಲ.

ಆಯುಧಪೂಜೆಯ ದಿನ ನೆನಪಿಸಿಕೊಳ್ಳಿ. ಕುಂಕುಮ ಇಟ್ಟು, ಬೂದುಗುಂಬಳ ಒಡೆದ ಮೇಲೆ ಮಾಲೀಕರೂ ಆ ಯಂತ್ರದ ಗುಂಡಿ ಒತ್ತುವುದಿಲ್ಲ. ಬೀಗವಿಲ್ಲ, ಬೋರ್ಡಿಲ್ಲ, ಎಲ್ಲರಿಗೂ ಗೊತ್ತು, ಅಷ್ಟೇ. ಮಿಕ್ಕ ದಿನಗಳ ತೊಂದರೆಯೇ ಇದು: ಯಂತ್ರದ ಹಿಂಬದಿಯಲ್ಲಿ ಒಬ್ಬ ಕೂತಿದ್ದಾನೆ ಎಂಬುದು ಅವನಿಗೂ ಅವನ ಹೆಲ್ಪರನಿಗೂ ಬಿಟ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಹೆಲ್ಪರ್ ಸ್ಪ್ಯಾನರ್ ತರಲು ಹೋದ. ಊಟಕ್ಕೆ ಹೋಗಿದ್ದ ಆಪರೇಟರ್ ಬಂದ. ಯಂತ್ರ ನಿಂತಿದೆ, ಎದುರಿಗೆ ಯಾರೂ ಇಲ್ಲ. ಅವನು ಮಾಡುವುದನ್ನೇ ಮಾಡುತ್ತಾನೆ. (ಹಬ್ಬದ ಹಿಂದಿನ ದಿನವೂ ಅಪಾಯದ್ದೇ. ಸೀಮೆಎಣ್ಣೆ, ಬನಿಯನ್ ವೇಸ್ಟು ಹಿಡಿದು ಎಲ್ಲರೂ ರೋಲರು ಒರೆಸುತ್ತಾರೆ. ಹಿಂಬದಿ ಒರೆಸಲೆಂದು ಇನ್ನೊಬ್ಬ ಇಂಚಿಂಗ್ ಗುಂಡಿ ಒತ್ತಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾನೆ. ಬಟ್ಟೆಯ ಚುಂಗು ಸಂದಿಗೆ ಸಿಕ್ಕರೆ ಅದು ಕೈಯನ್ನೂ ಕರೆದೊಯ್ಯುತ್ತದೆ.)

ಬೀಗದ ಕ್ರಮ ದೊಡ್ಡ ವಿದ್ಯೆಯೇನಲ್ಲ. ಯಂತ್ರಕ್ಕೆ ಬರುವ ಶಕ್ತಿಗಳೆಲ್ಲ ಎಲ್ಲೆಲ್ಲಿಂದ ಬರುತ್ತವೆ ಎಂದು ಗೊತ್ತು ಮಾಡಿಕೊಳ್ಳಬೇಕು: ಕರೆಂಟು, ಗಾಳಿ, ಎಣ್ಣೆ, ಉಗಿ, ಎತ್ತರದಲ್ಲಿರುವ ಭಾರ, ಅದುಮಿದ ಸ್ಪ್ರಿಂಗು. ಸಂಬಂಧಪಟ್ಟವರಿಗೆ ಹೇಳಿ, ಆರಿಸಿ, ಮುಖ್ಯ ಸ್ವಿಚ್ಚಿಗೂ ವಾಲ್ವಿಗೂ ಬೀಗ ಹಾಕಿ, ಉಳಿದ ಒತ್ತಡ ಹೊರಬಿಟ್ಟು, ಭಾರಕ್ಕೆ ಆಸರೆ ಕೊಡಬೇಕು. ಆಮೇಲೆ, ಇದನ್ನೇ ಬಹಳ ಜನ ಬಿಡುತ್ತಾರೆ, ಸ್ಟಾರ್ಟ್ ಗುಂಡಿ ಒತ್ತಿ ನೋಡಬೇಕು. ಬೇರೆ ಯಂತ್ರದ ಸ್ವಿಚ್ಚಿಗೆ ಬೀಗ ಹಾಕಿ ಈ ಯಂತ್ರದೊಳಗೆ ಕೈ ಇಟ್ಟವರಿದ್ದಾರೆ. ಪ್ಯಾನೆಲ್ ಮೇಲಿನ ಚೀಟಿಗಳು ವರ್ಷಗಳ ಹಿಂದೆಯೇ ಅದಲುಬದಲಾಗಿರುತ್ತವೆ. ಐದು ಜನ ಕೆಲಸ ಮಾಡುತ್ತಿದ್ದರೆ ಐದು ಬೀಗ. ಹಲವು ತೂತುಗಳಿರುವ ಒಂದು ಕೊಂಡಿ ಬರುತ್ತದೆ, ಅದಕ್ಕೆ ಎಲ್ಲರೂ ತಮ್ಮ ತಮ್ಮ ಬೀಗ ಸಿಕ್ಕಿಸಬೇಕು. ಮೇಸ್ತ್ರಿ ಎಲ್ಲರ ಪರವಾಗಿ ಒಂದೇ ಬೀಗ ಹಾಕುವ ಪದ್ಧತಿ ಹಲವು ಕಡೆ ಇದೆ. ಅದು ಮೇಸ್ತ್ರಿಯ ನೆನಪಿನ ಮೇಲೆ ನಾಲ್ಕು ಜನರ ಕೈಗಳನ್ನು ಒತ್ತೆ ಇಟ್ಟಂತೆ.

ಬೀಗದ ಇನ್ನೊಂದು ಗುಣವನ್ನು ನಾನು ತಡವಾಗಿ ಗಮನಿಸಿದೆ. ಇಂದು ಪೀಣ್ಯದ ಶೆಡ್ಡುಗಳಲ್ಲಿ ಒಡಿಯಾ, ಹಿಂದಿ, ಬಂಗಾಳಿ, ಅಸ್ಸಾಮಿ ಮಾತಾಡುವ ಹುಡುಗರಿದ್ದಾರೆ. ಎಚ್ಚರಿಕೆಯ ಬೋರ್ಡು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ‘ಆನ್ ಮಾಡಬೇಡ’ ಎಂದು ಯಂತ್ರದ ಆಚೆಯಿಂದ ಕೂಗಿದರೆ ‘ಆನ್’ ಒಂದೇ ಕೇಳಿಸುವ ಸಂಭವವೂ ಇದೆ. ಬೀಗಕ್ಕೆ ಭಾಷೆ ಬೇಕಿಲ್ಲ.

ಇಷ್ಟು ಸರಳವಾದದ್ದು ಏಕೆ ನಡೆಯುವುದಿಲ್ಲ? ಬೀಗದ ಬೆಲೆ ಕೆಲವು ನೂರು ರೂಪಾಯಿ, ಹಣದ ಮಾತಲ್ಲ. ಸಮಯದ ಮಾತು. ಬ್ರೇಕ್‌ಡೌನ್ ಆದ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ಪ್ರೊಡಕ್ಷನ್‌ನವರು ಪಕ್ಕದಲ್ಲಿ ನಿಂತು ‘ಎಷ್ಟೊತ್ತಾಗುತ್ತೆ?’ ಎನ್ನುತ್ತಾರೆ. ಎರಡು ನಿಮಿಷದ ಕೆಲಸಕ್ಕೆ ಎಂಟು ನಿಮಿಷ ಬೀಗದ ಉಪಚಾರ ಮಾಡಿದವನನ್ನು ಸೋಮಾರಿ ಎನ್ನುತ್ತಾರೆ. ಓಡುವ ಬೆಲ್ಟಿಗೆ ಕೈ ಹಾಕಿ ಸರಿ ಮಾಡಿದವನ ಬೆನ್ನು ತಟ್ಟುತ್ತಾರೆ. ಅವನಿಗೆ ‘ಗಟ್ಟಿಗ’ ಎಂದು ಹೆಸರು. ಮುಂದೆ ಆ ಗಟ್ಟಿಗನ ಬೆರಳು ಹೋದ ದಿನ ‘ಎಲ್ಲಿ ನೋಡ್ತಿದ್ದನೋ’ ಎನ್ನುವವರೂ ಇವರೇ. ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. ಎಲ್ಲರೂ ಸಾಲಾಗಿ ನಿಂತು ಪ್ರತಿಜ್ಞೆ ತೆಗೆದುಕೊಳ್ಳುತ್ತೇವೆ. ಪ್ರತಿಜ್ಞೆಯ ಬದಲು ಅಂದು ಸ್ಟೋರಿಗೆ ಹೋಗಿ ಬೀಗಗಳನ್ನು ಎಣಿಸಿದರೆ ಹೆಚ್ಚು ಉಪಯೋಗವಾದೀತು.

ಕೈಗವಸಿನ ಬಗ್ಗೆ ಒಂದು ಮಾತು, ಏಕೆಂದರೆ ಕೈಯ ಸುರಕ್ಷತೆ ಎಂದ ಕೂಡಲೇ ಎಲ್ಲರೂ ಕೈಗವಸು ಹಂಚುತ್ತಾರೆ. ತಗಡು ಎತ್ತುವಾಗ, ಬಿಸಿ ಎರಕ ಮುಟ್ಟುವಾಗ ಅದು ಬೇಕೇ ಬೇಕು. ತಿರುಗುವ ಡ್ರಿಲ್ಲು, ಲೇತಿನ ಚಕ್ಕಿನ ಹತ್ತಿರ ಅದೇ ಶತ್ರು. ಬರಿಗೈಗೆ ತರಚಿ ಹೋಗಬಹುದಾದದ್ದು, ನೂಲಿನ ಕೈಗವಸು ಸುತ್ತಿಕೊಂಡರೆ ಕೈಯನ್ನೇ ಎಳೆಯುತ್ತದೆ. ಉಂಗುರವೂ ಹಾಗೆಯೇ, ಏಣಿಯಿಂದ ಜಿಗಿಯುವಾಗ ಉಂಗುರ ಮೊಳೆಗೆ ಸಿಕ್ಕಿ ಬೆರಳಿನ ಚರ್ಮ ಪೂರ್ತಿ ಕಳಚಿಬರುವ ಗಾಯವನ್ನು ಕೈಯ ಸರ್ಜನ್ನರು ಚೆನ್ನಾಗಿ ಬಲ್ಲರು. ದೇವಸ್ಥಾನದ ದಾರ ಕೈಯಲ್ಲಿರುವ ಹುಡುಗರಿಗೆ ಬಿಚ್ಚು ಎನ್ನಲು ಸಂಕೋಚ. ಲೇತಿನ ಮುಂದೆ ಬಿಚ್ಚಿಸಿ, ಬಾಗಿಲ ಹೊರಗೆ ಕಟ್ಟಿಕೊಳ್ಳಲಿ.

ಬೆರಳು ಹೋದ ಮೇಲೆ ಅದಕ್ಕೆ ಬೆಲೆ ಕಟ್ಟಬೇಕಾಗುತ್ತದೆ. 1923ರ ಪರಿಹಾರ ಕಾಯ್ದೆಗೆ ಒಂದು ಅನುಸೂಚಿ ಇತ್ತು. ಇಎಸ್‌ಐ ಕಾಯ್ದೆಯಲ್ಲೂ ಅದೇ ಪಟ್ಟಿ, ಹೊಸ ಸಾಮಾಜಿಕ ಭದ್ರತಾ ಸಂಹಿತೆಗೂ ಅದು ದಾಟಿ ಬಂದಿದೆ. ಆ ಪಟ್ಟಿಯನ್ನು ತಣ್ಣಗೆ ಓದುವುದು ಕಷ್ಟ. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30 ಹೋಯಿತು. ಹೆಬ್ಬೆರಳಿನ ತುದಿಯ ಗೆಣ್ಣಿಗೆ 20. ತೋರುಬೆರಳು ಪೂರ್ತಿಯಾದರೆ 14, ಎರಡು ಗೆಣ್ಣಾದರೆ 11, ಒಂದಾದರೆ 9. ಮೂಳೆ ಉಳಿದು ತುದಿಯ ಮಾಂಸ ಮಾತ್ರ ಕತ್ತರಿಸಿದ್ದರೆ 5. ನಡುಬೆರಳಿಗೆ 12. ಉಂಗುರಬೆರಳು, ಕಿರುಬೆರಳುಗಳಿಗೆ ಏಳೇಳು. ನಾಲ್ಕು ಬೆರಳು ಹೋಗಿ ಹೆಬ್ಬೆರಳು ಉಳಿದಿದ್ದರೆ 50. ಇಡೀ ಕೈಗೆ 60. ಎರಡೂ ಕೈ ಹೋದರೆ ನೂರಕ್ಕೆ ನೂರು.

ಇದನ್ನು ರೂಪಾಯಿಗೆ ಇಳಿಸುವುದು ಹೀಗೆ. ಇಎಸ್‌ಐ ಇಲ್ಲದ 25 ವರ್ಷದ ಹುಡುಗ ಎನ್ನಿ. ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಮಿತಿ 15,000. ಅದರ ಶೇ. 60, ಅಂದರೆ 9,000. ಆ ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಗುಣಕ 216.91. ಗುಣಿಸಿ, ಶೇ. 14 ತೆಗೆದರೆ ಇಡೀ ತೋರುಬೆರಳಿಗೆ ಸುಮಾರು 2,73,000 ರೂಪಾಯಿ. ತುದಿಯ ಒಂದು ಗೆಣ್ಣಿಗೆ 1,75,000ದ ಆಸುಪಾಸು. ಇಎಸ್‌ಐ ಇದ್ದವರಿಗೆ ಇಡಿಗಂಟಿನ ಬದಲು, ಅದೇ ಶೇಕಡಾವಾರಿನ ಮೇಲೆ ಬದುಕಿರುವವರೆಗೆ ಕಂತಿನಲ್ಲಿ ಹಣ ಬರುತ್ತದೆ.

ಪಟ್ಟಿಗೆ ಬಲಗೈ ಎಡಗೈ ಭೇದವಿಲ್ಲ, ಕಸುಬಿನ ಭೇದವೂ ಇಲ್ಲ. ಗುಮಾಸ್ತನ ತೋರುಬೆರಳಿಗೂ ಮೈಕ್ರೋಮೀಟರ್ ಹಿಡಿಯುವವನ ತೋರುಬೆರಳಿಗೂ ಒಂದೇ ದರ. ಫಿಟ್ಟರ್ ನಟ್ಟಿನ ಎಳೆ ಅಡ್ಡ ಕೂತಿದೆಯೋ ನೆಟ್ಟಗಿದೆಯೋ ಎಂಬುದನ್ನು ಕಣ್ಣಿನಿಂದ ನೋಡುವುದಿಲ್ಲ, ಬೆರಳ ತುದಿಯಿಂದ ತಿಳಿಯುತ್ತಾನೆ; ಬೇರಿಂಗಿನ ಸವೆತ, ಶಾಫ್ಟಿನ ನಡುಕ ಎಲ್ಲ ಅಲ್ಲಿಯೇ ಗೊತ್ತಾಗುವುದು. ನ್ಯಾಯಾಲಯಗಳು ಈ ಸಂಗತಿಯನ್ನು ಪಟ್ಟಿಗಿಂತ ಚೆನ್ನಾಗಿ ಅರಿತಿವೆ. 1976ರ ಕಾನೂನು ವರದಿಗಳಲ್ಲಿ ಬಡಗಿಯೊಬ್ಬನ ಪ್ರಕರಣವಿದೆ. ಎಡಗೈಯನ್ನು ಮೊಣಕೈಯ ಮೇಲಿನಿಂದ ಕಳೆದುಕೊಂಡವನು. ಒಂದು ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಅವನ ನಷ್ಟ ಪೂರ್ತಿ ನಷ್ಟ ಎಂಬ ನಿರ್ಣಯವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದೆ, ನಮ್ಮ ಹೈಕೋರ್ಟಿನಿಂದಲೇ ಮೇಲೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ವಾಹನ ಅಪಘಾತದ ಒಂದು ತೀರ್ಪಿನಲ್ಲಿ ಇದನ್ನು ಇನ್ನೂ ಬಿಡಿಸಿ ಬರೆದರು: ದೇಹಕ್ಕಾದ ನಷ್ಟದ ಶೇಕಡಾವಾರು ಬೇರೆ, ಗಳಿಕೆಗಾದ ನಷ್ಟದ ಶೇಕಡಾವಾರು ಬೇರೆ, ಅದೇ ಎಡಗೈ ಹೋದರೆ ಚಾಲಕನಿಗೋ ಬಡಗಿಗೋ ಎಲ್ಲವೂ ಹೋದಂತೆ, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಆದರೆ ಕೋರ್ಟಿನವರೆಗೆ ಹೋಗುವ ಹೆಲ್ಪರ್ ಎಷ್ಟು ಜನ? ಹೆಚ್ಚಿನವರು ಆಸ್ಪತ್ರೆಯ ಬಿಲ್ಲು, ಒಂದಷ್ಟು ನಗದು ತೆಗೆದುಕೊಂಡು ಊರಿನ ರೈಲು ಹತ್ತುತ್ತಾರೆ.

ಇದರ ಗುರುತು ಅಂಕಿಅಂಶಗಳಲ್ಲೇ ಸಿಗುತ್ತದೆ. 2017ರಿಂದ 2020ರವರೆಗೆ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ವರ್ಷಕ್ಕೆ ಸರಾಸರಿ ಸಾವಿರದ ನೂರರಷ್ಟು ಸಾವು, ನಾಲ್ಕು ಸಾವಿರದಷ್ಟು ಗಾಯ ಎಂದು ಸರ್ಕಾರಿ ಲೆಕ್ಕ. ಒಂದು ಸಾವಿಗೆ ನಾಲ್ಕೇ ಗಾಯವೇ? ಕಾರ್ಖಾನೆಯ ಒಳಗೆ ಒಂದು ವಾರ ಕಳೆದವರೂ ಇದನ್ನು ನಂಬಲಾರರು. ಹೆಣವನ್ನು ಬಚ್ಚಿಡಲಾಗುವುದಿಲ್ಲ, ಬೆರಳನ್ನು ಬಚ್ಚಿಡಬಹುದು. ನಲವತ್ತೆಂಟು ಗಂಟೆ ಕೆಲಸಕ್ಕೆ ಬಾರದಿದ್ದರೆ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದ್ದರೂ, ಪಟ್ಟಿ ಕಟ್ಟಿದ ಕೈಯವನನ್ನೇ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ ಹಾಜರಿ ಹಾಕುವುದುಂಟು. ಹರಿಯಾಣದ ವಾಹನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ಬಗ್ಗೆ ‘ಸೇಫ್ ಇನ್ ಇಂಡಿಯಾ’ ಎಂಬ ಸಂಸ್ಥೆ 2019ರಿಂದ ವರದಿ ಪ್ರಕಟಿಸುತ್ತ ಬಂದಿದೆ. ಹೆಚ್ಚಿನ ಗಾಯಗಳು ಪವರ್ ಪ್ರೆಸ್ಸಿನವು, ಹೆಚ್ಚಿನವರು ಗುತ್ತಿಗೆಯವರು, ವಲಸೆ ಬಂದವರು. ನಮ್ಮಲ್ಲಿಯೂ ಯಾರಾದರೂ ಇಎಸ್‌ಐ ಆಸ್ಪತ್ರೆಯ ಬಾಗಿಲಲ್ಲಿ ಕೂತು ಹಾಗೆ ಎಣಿಸಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದದ್ದು ಈಗ ಇಪ್ಪತ್ತಕ್ಕೆ ಏರಿದೆ. ಹನ್ನೆರಡು ಜನ, ನಾಲ್ಕು ಪ್ರೆಸ್ಸು ಇರುವ ಶೆಡ್ಡು ಈಗ ಕಾನೂನಿನ ಕಣ್ಣಿಗೆ ಕಾರ್ಖಾನೆಯಲ್ಲ. ಪ್ರೆಸ್ಸಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕತ್ತರಿಸಿದ ಬೆರಳನ್ನು ಮತ್ತೆ ಜೋಡಿಸಬಹುದು ಎಂಬುದು ಈಗ ಹಳೆಯ ಸುದ್ದಿ. ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ಸರ್ಜನ್ನರು 1965ರಲ್ಲಿ ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಹೊಲಿದು ಉಳಿಸಿದರು. ನಮ್ಮ ಪಕ್ಕದ ಕೊಯಮತ್ತೂರಿನ ಗಂಗಾ ಆಸ್ಪತ್ರೆ ಕೈಯ ಶಸ್ತ್ರಚಿಕಿತ್ಸೆಗೆ ಹೆಸರಾಗಿದೆ, ಬೆಂಗಳೂರಿನಲ್ಲೂ ಬಲ್ಲವರಿದ್ದಾರೆ. ತುಂಡನ್ನು ಶುಭ್ರ ನೀರಿನಲ್ಲಿ ತೊಳೆದು, ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಬೇಕು. ಮಂಜುಗಡ್ಡೆಯ ಮೇಲೆ ನೇರವಾಗಿ ಇಟ್ಟರೆ ಮಾಂಸ ಸುಟ್ಟಂತಾಗುತ್ತದೆ. ಹೀಗೆ ತಂಪಾಗಿಟ್ಟ ಬೆರಳಿಗೆ ಸಾಕಷ್ಟು ಗಂಟೆಗಳ ಅವಕಾಶವಿದೆ. ಮಣಿಕಟ್ಟಿನ ಮೇಲೆ ತುಂಡಾಗಿದ್ದರೆ, ಅಲ್ಲಿ ಸ್ನಾಯುವಿರುವುದರಿಂದ, ಆರು ಗಂಟೆಯೊಳಗೆ ತಲುಪಿಸಬೇಕು. ಹರಿತವಾಗಿ ಕತ್ತರಿಸಿದ್ದನ್ನು ಜೋಡಿಸುವುದು ಸುಲಭ. ರೋಲರು ಅರೆದದ್ದನ್ನು, ಚೈನು ಕಿತ್ತದ್ದನ್ನು ಜೋಡಿಸುವುದು ಕಷ್ಟ, ಮತ್ತು ರಿಪೇರಿಯ ಗಾಯಗಳು ಬಹುಮಟ್ಟಿಗೆ ಅರೆದ, ಕಿತ್ತ ಗಾಯಗಳೇ.

ಕೊನೆಯದಾಗಿ, ಬೀಗದ ಪದ್ಧತಿ ತರುತ್ತೇವೆ ಎಂದ ಪ್ರತಿ ಕಾರ್ಖಾನೆಯಲ್ಲೂ ಮ್ಯಾನೇಜರುಗಳು ಕೇಳುವ ಪ್ರಶ್ನೆ: ಫಿಟ್ಟರ್ ಕೀಲಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿಬಿಟ್ಟರೆ? ನ್ಯಾಯವಾದ ಪ್ರಶ್ನೆ, ಹೀಗಾಗುವುದೂ ಉಂಟು. ಎರಡನೆಯ ಕೀಲಿಯನ್ನು ಫೋರ್‌ಮನ್ ಡ್ರಾಯರಿನಲ್ಲಿ ಇಟ್ಟರೆ ಮುಗಿಯಿತಲ್ಲ ಎನ್ನುತ್ತಾರೆ. ಇಟ್ಟ ದಿನದಿಂದ ಅದು ಫಿಟ್ಟರನ ಬೀಗವಾಗಿ ಉಳಿಯುವುದಿಲ್ಲ. ಮಾಡಬೇಕಾದದ್ದು ಇಷ್ಟು. ಮೊದಲು ಅವನಿಗೆ ಫೋನು ಮಾಡಿ. ಗೇಟಿನ ಪುಸ್ತಕ ನೋಡಿ, ಅವನು ನಿಜವಾಗಿ ಹೊರಗೆ ಹೋಗಿದ್ದಾನೆಯೇ ತಿಳಿಯಿರಿ. ಯಂತ್ರದ ಸುತ್ತ, ಅಡಿಯಲ್ಲಿ, ಮೇಲೆ, ಒಳಗೆ ಟಾರ್ಚು ಬಿಟ್ಟು ನೋಡಿ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಪಾಳಿಯ ಹಿರಿಯ ಅಧಿಕಾರಿ ಹೆಸರು ಬರೆದು ಸಹಿ ಹಾಕಿ, ಬೀಗ ಕತ್ತರಿಸಲಿ. ಮಾರನೆಯ ದಿನ ಆ ಫಿಟ್ಟರ್ ಒಳಗೆ ಕಾಲಿಟ್ಟ ಕೂಡಲೇ, ಇನ್ನಾವ ಕೆಲಸಕ್ಕೂ ಮೊದಲು, ‘ನಿನ್ನ ಬೀಗ ತೆಗೆದಿದ್ದೇವೆ, ಆ ಯಂತ್ರ ಈಗ ಓಡುತ್ತಿದೆ’ ಎಂದು ಎದುರಾಎದುರು ಹೇಳಿ, ಹೊಸ ಬೀಗ ಕೊಡಬೇಕು. ಅದರ ದುಡ್ಡನ್ನು ಅವನ ಸಂಬಳದಲ್ಲಿ ಹಿಡಿಯಬಾರದು. ಹಿಡಿದರೆ ಮುಂದಿನ ಸಲ ಅವನು ಬೀಗವನ್ನೇ ಹಾಕುವುದಿಲ್ಲ.